ಬಿಸಿಲಿಗೆ ನಿಂತ ರೈಲು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು. ಸಂಪಾದಕರು ಕೇಳಿದ್ದರಿಂದ ನೆನಪಿದ್ದಷ್ಟನ್ನು ಬರೆದುಕೊಟ್ಟಿದ್ದೇನೆ.)



ಈ ಶಾಲೆ ಶುರುವಾದದ್ದು 1974ರಲ್ಲಿ. ನಾನು ಎಂಟನೆಯ ತರಗತಿಗೆ ಸೇರಿದ್ದು 1976ರಲ್ಲಿ. ಆಗ ಇದ್ದದ್ದು ಮೂರು ಕೋಣೆ. ಮಳೆ ಜೋರಾದರೆ ಒಂಬತ್ತನೆಯವರು ಎಂಟನೆಯವರ ಕೋಣೆಗೆ ಬರುತ್ತಿದ್ದರು, ಏಕೆಂದರೆ ಅವರ ಕೋಣೆ ಸೋರುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1979ರಲ್ಲಿ. ಹಾಸನದಿಂದ ಮಂಗಳೂರಿಗೆ ಮೀಟರ್‌ಗೇಜ್ ರೈಲು ಓಡಲು ಶುರುವಾದದ್ದೂ ಅದೇ ವರ್ಷ. ಘಟ್ಟ ಇಳಿಯುವ ರೈಲನ್ನು ನೋಡಲು ನಾವು ನಾಲ್ಕು ಜನ ಹುಡುಗರು ಮನೆಯಲ್ಲಿ ಹೇಳದೆ ಲಾರಿ ಹತ್ತಿ ಸಕಲೇಶಪುರಕ್ಕೆ ಹೋಗಿದ್ದೆವು. ಬಂದ ಮೇಲೆ ಬಿದ್ದ ಏಟಿನ ಲೆಕ್ಕ ಇಲ್ಲಿ ಬೇಡ. ಅವತ್ತು ಹಿಡಿದ ರೈಲಿನ ಹುಚ್ಚು ಮಾತ್ರ ಇವತ್ತಿನವರೆಗೂ ಬಿಟ್ಟಿಲ್ಲ. 1985ರಲ್ಲಿ ರೈಲ್ವೆಯ ಸಿಗ್ನಲ್ ವಿಭಾಗಕ್ಕೆ ಸೇರಿದೆ. 38 ವರ್ಷ ಕೆಲಸ ಮಾಡಿ 2023ರಲ್ಲಿ ನಿವೃತ್ತನಾಗಿ ಊರಿಗೆ ಬಂದೆ.

ನನ್ನ ಕೆಲಸ ಏನಿತ್ತು ಎಂದು ಮಕ್ಕಳು ಕೇಳುತ್ತಾರೆ. ಸಿಗ್ನಲ್ ಕೆಟ್ಟರೆ ಹೋಗಿ ಸರಿಮಾಡುವುದು. ಸಿಗ್ನಲ್ ಕೆಡುವುದಕ್ಕೆ ಹೊತ್ತುಗೊತ್ತು ಇಲ್ಲ. ಆದರೆ ಅದಕ್ಕೆ ಪ್ರೀತಿಯ ಹೊತ್ತು ಒಂದಿದೆ. ಅದು ಜುಲೈ ತಿಂಗಳ ರಾತ್ರಿ ಎರಡು ಗಂಟೆ.

ಈಗ ನಮ್ಮ ವಿಜ್ಞಾನ ಕೊಠಡಿಯ ಹಿಂದೆ ನೀವೆಲ್ಲ ನೋಡಿದ ಪುಟ್ಟ ರೈಲಿನ ವಿಷಯಕ್ಕೆ ಬರುತ್ತೇನೆ. ಅದನ್ನು ಆಟಿಕೆ ಎಂದು ಕರೆದರೆ ನನಗೇನೂ ಬೇಜಾರಿಲ್ಲ. ಜರ್ಮನಿಯ ಲೆಹ್ಮನ್ ಎಂಬ ಆಟಿಕೆ ಕಂಪನಿ 1968ರಲ್ಲಿ ಇಂಥ ತೋಟದ ರೈಲನ್ನು ಹೊರತಂದಿತು. ಮನೆಯೊಳಗೆ ಮೇಜಿನ ಮೇಲೆ ಓಡುವ ರೈಲು ಬೇರೆ, ಹೊರಗೆ ಮಣ್ಣು ಮಳೆಯಲ್ಲಿ ಓಡುವ ರೈಲು ಬೇರೆ. ಇದರ ಎರಡು ಹಳಿಗಳ ನಡುವಿನ ಅಂತರ 45 ಮಿಲಿಮೀಟರ್. ಯಾಕೆ 45? ನಿಜವಾದ ಮೀಟರ್‌ಗೇಜ್ ಅಂದರೆ 1000 ಮಿಲಿಮೀಟರ್. ಅದನ್ನು ಇಪ್ಪತ್ತೆರಡೂವರೆಯಿಂದ ಭಾಗಿಸಿ ನೋಡಿ, ನಲವತ್ತನಾಲ್ಕು ಚಿಲ್ಲರೆ ಬರುತ್ತದೆ. ಅಂದರೆ 1979ರಲ್ಲಿ ನಾವು ಲಾರಿ ಹತ್ತಿ ನೋಡಲು ಹೋದ ರೈಲು ಇಪ್ಪತ್ತೆರಡೂವರೆ ಪಟ್ಟು ಕುಗ್ಗಿದರೆ ಈ ಹಳಿಯ ಮೇಲೆ ಕೂರುತ್ತದೆ. ಆ ಮೀಟರ್‌ಗೇಜ್ ಈಗ ಇಲ್ಲ. ಬ್ರಾಡ್‌ಗೇಜ್ ಹಾಕಿ 2007ರ ಡಿಸೆಂಬರ್‌ನಲ್ಲಿ ಮತ್ತೆ ಪ್ರಯಾಣಿಕರ ರೈಲು ಬಿಟ್ಟರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಆ 57 ಸುರಂಗಗಳ ದಾರಿಯನ್ನು ಇಲ್ಲಿ ಕಟ್ಟಲು ನಮ್ಮಿಂದ ಆಗಲಿಲ್ಲ. ಮಕ್ಕಳು ಒಂದೇ ಒಂದು ಸುರಂಗ ಮಾಡಿದ್ದಾರೆ, ಹಳೆಯ ಮಣ್ಣಿನ ಪೈಪಿನಲ್ಲಿ. ಆದರೆ ಏರು ಮಾತ್ರ ಘಟ್ಟದ್ದೇ, 50ಕ್ಕೆ 1. ಐವತ್ತು ಸೆಂಟಿಮೀಟರ್ ಮುಂದೆ ಹೋದರೆ ಒಂದು ಸೆಂಟಿಮೀಟರ್ ಮೇಲೆ.

ಎಂಜಿನ್ನು ಮತ್ತು ಎರಡು ಬೋಗಿಯನ್ನು ನನ್ನ ಮಗಳು ಹೊರದೇಶದಿಂದ ತಂದುಕೊಟ್ಟಳು. ಹಿತ್ತಾಳೆ ಹಳಿಯನ್ನು ಸ್ವಲ್ಪಸ್ವಲ್ಪವಾಗಿ ಕೊಂಡೆ. ಜಾಗ ಶಾಲೆ ಕೊಟ್ಟಿತು. ಹೋದ ವರ್ಷ ಜೂನ್‌ನಲ್ಲಿ ಎಂಟು, ಒಂಬತ್ತನೆಯ ತರಗತಿಯ ಹನ್ನೊಂದು ಮಕ್ಕಳ ಜೊತೆ ಕೆಲಸ ಶುರುಮಾಡಿದೆವು. ಕರೆಂಟಿನ ಟ್ರಾನ್ಸ್‌ಫಾರ್ಮರ್ ಕೊಠಡಿಯ ಒಳಗೇ ಬೀಗದಲ್ಲಿರುತ್ತದೆ. ಹೊರಗಿನ ಹಳಿಯಲ್ಲಿ ಹರಿಯುವುದು ಹೆಚ್ಚೆಂದರೆ 18 ವೋಲ್ಟ್. ತಂದೆತಾಯಿಗಳು ಗಾಬರಿಯಾಗಬೇಕಿಲ್ಲ.

ಮೇಜಿನ ಮೇಲಿನ ರೈಲು ಒಂದು ಸಲ ಓಡಿದರೆ ಓಡುತ್ತಲೇ ಇರುತ್ತದೆ. ಹೊರಗಿನ ರೈಲು ಹಾಗಲ್ಲ. ಅದಕ್ಕೆ ದಿನವೂ ಒಂದು ಕಾಯಿಲೆ, ಋತುವಿಗೊಂದು ಕಾಯಿಲೆ. ನಮ್ಮ ಮೊದಲ ಆರು ತಿಂಗಳು ಓಡಿಸುವುದಕ್ಕಿಂತ ಹುಡುಕುವುದರಲ್ಲೇ ಕಳೆಯಿತು. ಆ ಹುಡುಕಾಟದ ಬಗ್ಗೆಯೇ ನಾನು ಇವತ್ತು ಹೇಳಬೇಕೆಂದಿರುವುದು.

ಮೊದಲ ಕಾಯಿಲೆ ಮಳೆಗಾಲದ್ದು. ಜುಲೈನಲ್ಲಿ ಒಂದು ವಾರ ಬಿಡದೆ ಹುಯ್ದು ಹೊಳವಾದ ಮೇಲೆ ನೋಡಿದರೆ ರೈಲು ತೆವಳುತ್ತಿದೆ. ಸ್ಟೇಷನ್ನಿನ ಹತ್ತಿರ ಚೆನ್ನಾಗಿ ಓಡುತ್ತದೆ, ದೂರ ಹೋದಂತೆ ಉಬ್ಬಸ ಬಂದವರ ಹಾಗೆ ಆಗುತ್ತದೆ. ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ ಮೀಟರ್ ಇಟ್ಟು ನೋಡಿದಳು. "ರೈಲ್ ತಾತ, ಇಲ್ಲೂ 12 ವೋಲ್ಟ್ ತೋರಿಸ್ತಿದೆ, ಅಲ್ಲೂ 12 ವೋಲ್ಟ್ ತೋರಿಸ್ತಿದೆ. ಹಳಿ ಸರಿಯಾಗಿದೆ, ಎಂಜಿನ್ನೇ ಕೆಟ್ಟಿದೆ" ಅಂದಳು. ಎಂಜಿನ್ ಬಿಚ್ಚಲು ಸ್ಕ್ರೂಡ್ರೈವರ್ ಹುಡುಕಲು ಹೊರಟಿದ್ದರು. ನಾನು ತಡೆದೆ.

ಮೀಟರ್ ಸುಳ್ಳು ಹೇಳುವುದಿಲ್ಲ. ಆದರೆ ನಾವು ಕೇಳಿದ ಪ್ರಶ್ನೆಗೆ ಮಾತ್ರ ಅದು ಉತ್ತರ ಹೇಳುತ್ತದೆ. ಮೀಟರ್ ತಾನು ಎಳೆದುಕೊಳ್ಳುವ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಂಜಿನ್ನು ಹಾಗಲ್ಲ, ಅದಕ್ಕೆ ಸುಮಾರು ಒಂದು ಆಂಪಿಯರ್ ಬೇಕು. ಹಳಿ ಹಳಿ ಕೂಡುವ ಕೀಲಿನಲ್ಲಿ ನೀರು, ಮಣ್ಣು ಹೋಗಿ ಕಿಲುಬು ಹಿಡಿದು ಎರಡು ಓಮ್ ತಡೆ ಬಂತು ಅನ್ನಿ. ಒಂದು ಆಂಪಿಯರ್ ಹರಿದರೆ ಆ ಕೀಲಿನಲ್ಲೇ ಎರಡು ವೋಲ್ಟ್ ಹೋಯಿತು. ಅಂಥ ಮೂರು ಕೀಲು ದಾಟುವಷ್ಟರಲ್ಲಿ 12ರಲ್ಲಿ 6 ಉಳಿಯಿತು. ಮೀಟರ್ ಏನನ್ನೂ ಎಳೆಯುವುದಿಲ್ಲವಾದ್ದರಿಂದ ಅದಕ್ಕೆ 12 ಪೂರ್ತಿ ಕಾಣುತ್ತದೆ. ಖಾಲಿ ಕೈಯಲ್ಲಿ ಕಾಲುಸಂಕ ದಾಟಿದವನು 'ಸಂಕ ಗಟ್ಟಿಯಾಗಿದೆ' ಅಂದಹಾಗೆ. ತಲೆಯ ಮೇಲೆ ಮೂಟೆ ಹೊತ್ತು ದಾಟಿದವನನ್ನು ಕೇಳಬೇಕು.

ಅದಕ್ಕೆ ನಾವು ಕಾರಿನ 21 ವ್ಯಾಟಿನ ಒಂದು ಬಲ್ಬು ತಂದೆವು. ಅದನ್ನು ಹಳಿಗೆ ತಗುಲಿಸಿ, ಅದು ಉರಿಯುತ್ತಿರುವಾಗ ಮೀಟರ್ ಇಟ್ಟು ನೋಡಿದೆವು. ಒಂದೊಂದೇ ಕೀಲು ದಾಟುತ್ತ ಹೋದಂತೆ ಬಲ್ಬು ಎಲ್ಲಿ ಮಂಕಾಯಿತೋ ಅಲ್ಲಿ ರೋಗ. ಮೂರಲ್ಲ, ಐದು ಕೀಲು ಸಿಕ್ಕವು. ಬಿಚ್ಚಿ, ಉಜ್ಜಿ, ಬಿಗಿಮಾಡಿದೆವು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅದನ್ನು ಬಿಚ್ಚಿದ್ದರೆ ಖಂಡಿತ ಏನಾದರೂ ಆಗುತ್ತಿತ್ತು.

ಎರಡನೆಯದು ಹಳಿಯ ಮೇಲಿನ ಕೊಳೆ. ಒದ್ದೆ ಎಲೆ ಬಿದ್ದು, ಅದರ ಮೇಲೆ ಚಕ್ರ ಹರಿದು, ರಸ ಹಳಿಗೆ ಮೆತ್ತಿಕೊಂಡರೆ ಕರೆಂಟು ಚಕ್ರಕ್ಕೆ ಹತ್ತುವುದಿಲ್ಲ. ಏರಿನಲ್ಲಿ ಚಕ್ರ ಜಾರುತ್ತದೆ. ಹುಡುಗರು ದಪ್ಪ ಉಪ್ಪುಕಾಗದದಲ್ಲಿ ಉಜ್ಜಿದರು. ಆ ಹೊತ್ತಿಗೆ ಫಳಫಳ ಹೊಳೆಯಿತು, ವಾರದಲ್ಲಿ ಮೊದಲಿಗಿಂತ ಹೆಚ್ಚು ಕೊಳೆ. ದಪ್ಪ ಕಾಗದ ಹಳಿಯಲ್ಲಿ ಗೀರು ಮಾಡುತ್ತದೆ, ಗೀರಿನಲ್ಲಿ ಕೊಳೆ ಮನೆ ಮಾಡುತ್ತದೆ. ಈಗ ಮೊದಲು ಬಟ್ಟೆಯಲ್ಲಿ ಒರೆಸುತ್ತೇವೆ, ತೀರಾ ಆಗದಿದ್ದರೆ ಮಾತ್ರ ಅತಿ ನಯವಾದ ಕಾಗದ. ಮೂರನೆಯದು ಇರುವೆ. ದಾರಿ ಬದಲಿಸುವ ಪಾಯಿಂಟಿನ ಮೋಟಾರು ಡಬ್ಬಿಯೊಳಗೆ ಬೆಚ್ಚಗಿರುತ್ತದೆಂದು ಮಳೆಗಾಲದಲ್ಲಿ ಇರುವೆಗಳು ಮಣ್ಣು ಸಮೇತ ಸಂಸಾರ ಹೂಡುತ್ತವೆ. ನಿಜವಾದ ರೈಲ್ವೆಯಲ್ಲೂ ಈ ಬಾಡಿಗೆದಾರರ ಕಾಟ ಇದ್ದದ್ದೇ.

ನಿಜವಾದ ರೈಲ್ವೆಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. ಹಳಿಯ ಮೇಲೆ ರೈಲು ಇದೆಯೋ ಇಲ್ಲವೋ ಎಂದು ಸಿಗ್ನಲ್ಲಿಗೆ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಟ್ರ್ಯಾಕ್ ಸರ್ಕ್ಯೂಟ್ ಎಂದು ಒಂದು ಉಪಾಯವಿದೆ. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದದ್ದು. ಎರಡು ಹಳಿಗಳಲ್ಲಿ ಸಣ್ಣ ಕರೆಂಟು ಬಿಟ್ಟು ಆ ತುದಿಯಲ್ಲಿ ಒಂದು ರಿಲೇ ಇಟ್ಟಿರುತ್ತಾರೆ. ಕರೆಂಟು ತಲುಪುತ್ತಿರುವವರೆಗೆ ರಿಲೇ ಎತ್ತಿ ಹಿಡಿದಿರುತ್ತದೆ, ದಾರಿ ಖಾಲಿ ಎಂದರ್ಥ. ರೈಲು ಬಂದರೆ ಕರೆಂಟು ಅದರ ಚಕ್ರ ಮತ್ತು ಅಚ್ಚಿನ ಮೂಲಕವೇ ಹರಿದು ಹಿಂದಿರುಗುತ್ತದೆ. ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಇದರ ಜಾಣತನ ನೋಡಿ. ತಂತಿ ಕಡಿದರೂ ಕೆಂಪು, ಬ್ಯಾಟರಿ ಸತ್ತರೂ ಕೆಂಪು, ಹಳಿ ಮುರಿದರೂ ಸಾಮಾನ್ಯವಾಗಿ ಕೆಂಪು. ಮಳೆಯಲ್ಲಿ ಜಲ್ಲಿ ನೆನೆದು, ಕೆಸರು ತುಂಬಿ, ಕರೆಂಟು ಒಂದು ಹಳಿಯಿಂದ ಇನ್ನೊಂದಕ್ಕೆ ಸೋರಿಹೋದರೂ ಕೆಂಪು. ಆಗ ಹಳಿಯ ಮೇಲೆ ರೈಲೇ ಇರುವುದಿಲ್ಲ, ಸುಮ್ಮನೆ ಕೆಂಪು. ನನ್ನ ಜುಲೈ ತಿಂಗಳ ರಾತ್ರಿ ಎರಡು ಗಂಟೆಗಳು ಹೋದದ್ದು ಹೆಚ್ಚಾಗಿ ಇದರಲ್ಲೇ. ರೈಲು ನಿಲ್ಲುತ್ತದೆ, ಜನ ಬೈಯುತ್ತಾರೆ, ಆದರೆ ಯಾರ ಜೀವವೂ ಹೋಗುವುದಿಲ್ಲ. ಸಂದೇಹ ಬಂದರೆ ನಿಲ್ಲು, ಗೊತ್ತಾದ ಮೇಲೆ ಹೊರಡು. ಸಿಗ್ನಲ್ ವಿಭಾಗದ ವಿದ್ಯೆಯೆಲ್ಲ ಇಷ್ಟೇ.

ಈ ವಿದ್ಯೆ ಗೊತ್ತಿದ್ದೂ ನಾನು ಹೇಗೆ ಎಡವುತ್ತಿದ್ದೆ ಎನ್ನುವುದು ಮುಂದಿನ ಕಥೆ.

ನವೆಂಬರ್ ಕಳೆಯಿತು, ಮಳೆ ನಿಂತಿತು. ಇನ್ನು ನಿಶ್ಚಿಂತೆ ಅಂದುಕೊಂಡೆವು. ಆಗ ಹೊಸ ಕಾಯಿಲೆ ಶುರುವಾಯಿತು. ಬೆಳಿಗ್ಗೆ ರೈಲು ಚೆನ್ನಾಗಿ ಓಡುತ್ತದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಒಂದು, ಒಂದೂಕಾಲು ಗಂಟೆಯ ಹೊತ್ತಿಗೆ ಟಪ್ ಎಂದು ನಿಲ್ಲುತ್ತದೆ. ತೆವಳುವುದಿಲ್ಲ, ಉಬ್ಬಸವಿಲ್ಲ, ಒಂದೇ ಸಲ ಸಾವು. ಕೊಠಡಿಯೊಳಗಿನ ಡಬ್ಬಿಯಲ್ಲಿ ಶಾರ್ಟ್ ಆಗಿದೆ ಎಂದು ಕೆಂಪು ದೀಪ. ಮೂರೂವರೆಯ ಹೊತ್ತಿಗೆ ನೋಡಿದರೆ ತಾನಾಗಿ ಸರಿಯಾಗಿರುತ್ತದೆ. ಎರಡು ದಿನ ಆಯಿತು, ಮೂರನೆಯ ದಿನ ಆಗಲಿಲ್ಲ, ನಾಲ್ಕನೆಯ ದಿನ ಮತ್ತೆ ಆಯಿತು.

ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಹೆಸರು ಬೇಡ. ತಂದೆತಾಯಿ ತೋಟದ ಲೈನ್ ಮನೆಯಲ್ಲಿದ್ದಾರೆ. ಮಾತು ಕಡಿಮೆ, ಹಿಂದಿನ ಬೆಂಚು. ನಮ್ಮ ಹನ್ನೊಂದು ಮಕ್ಕಳಲ್ಲಿ ಅವನಿರಲಿಲ್ಲ. ಊಟ ಮುಗಿಸಿ ಅವನು ರೈಲಿನ ತುದಿಯಲ್ಲಿರುವ ಬಳೆಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು ನೋಡುತ್ತಿರುತ್ತಿದ್ದ. ಬಳೆ ಅಂದರೆ ರೈಲು ಸುತ್ತು ಹಾಕಿ ಬಂದ ದಾರಿಗೇ ಹಿಂದಿರುಗುವ ಜಾಗ. ಒಂದು ದಿನ ರೈಲು ನಿಂತಾಗ ಯಾರೋ ಹುಡುಗರು ಅವನ ಜೇಬು ತಡಕಿದರು. ಸಣ್ಣದೊಂದು ಮೊಳೆ ಸಿಕ್ಕಿತು.

ಮೊಳೆಯನ್ನು ಎರಡು ಹಳಿಗಳಿಗೂ ತಗುಲುವಂಥದ್ದರ ಜೊತೆ ಸೇರಿಸಿ ಅಡ್ಡ ಇಟ್ಟರೆ ಏನಾಗುತ್ತದೆ? ಶಾರ್ಟ್ ಆಗುತ್ತದೆ. ಕೆಂಪು ದೀಪ ಬರುತ್ತದೆ. ತೆಗೆದರೆ ಸರಿಹೋಗುತ್ತದೆ. ಎಲ್ಲ ಕೂಡಿಬಂತು. ಹುಡುಗರು ಅವನನ್ನು ಎಳೆದುಕೊಂಡು ನನ್ನ ಮುಂದೆ ನಿಲ್ಲಿಸಿದರು. "ಇವನೇ ತಾತ. ದಿನಾ ಇಲ್ಲೇ ಇರ್ತಾನೆ. ಇವನು ಬಂದಾಗಲೇ ನಿಲ್ಲೋದು." ಹುಡುಗ ತಲೆ ಬಗ್ಗಿಸಿ ನಿಂತಿದ್ದ. ನನಗೂ ಅವನೇ ಇರಬಹುದು ಅನ್ನಿಸಿತು. ಸಭೆಯಲ್ಲಿ ನಿಜ ಹೇಳಬೇಕಲ್ಲ, ಅವನೇ ಅನ್ನಿಸಿಬಿಟ್ಟಿತು. ಬಾಯಿ ತೆರೆದಿದ್ದೆ. ಆಗ ನನಗೆ 1977 ನೆನಪಾಯಿತು.

1977ರಲ್ಲಿ ನಾನು ಒಂಬತ್ತನೆಯ ತರಗತಿ. ತಾಲ್ಲೂಕು ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾನೂ ನನ್ನ ಗೆಳೆಯನೂ ಸೇರಿ ರೈಲ್ವೆ ಗೇಟು ಮಾಡಿದ್ದೆವು. ರಟ್ಟಿನ ಗೇಟು, ಡಾಲ್ಡಾ ಡಬ್ಬಿಯ ತಗಡಿನ ಪಟ್ಟಿ, ಎರಡು ಟಾರ್ಚ್ ಸೆಲ್ಲು, ಒಂದು ಬೆಲ್ಲು. ರೈಲು ಬಂದು ತಗಡನ್ನು ಒತ್ತಿದರೆ ಬೆಲ್ಲು ಹೊಡೆಯಬೇಕು. ಹಿಂದಿನ ದಿನ ಸಂಜೆ ಹೊಡೆಯಿತು, ಇಡೀ ತರಗತಿ ಚಪ್ಪಾಳೆ ತಟ್ಟಿತು. ಶಾಲೆ ಸೋರುತ್ತದೆಂದು ಆ ರಾತ್ರಿ ಅದನ್ನು ಅವನು ತನ್ನ ಮನೆಗೆ ಒಯ್ದಿದ್ದ. ಆಗಸ್ಟ್ ತಿಂಗಳು. ಮಾರನೆಯ ದಿನ ಪ್ರದರ್ಶನದಲ್ಲಿ ತೀರ್ಪುಗಾರರು ಬಂದು ನಿಂತಾಗ ಬೆಲ್ಲು ಹೊಡೆಯಲಿಲ್ಲ. 'ಏನಾಯಿತು' ಎಂದು ಕೇಳಿದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಇವನು ರಾತ್ರಿ ಮನೇಲಿ ಬಿಚ್ಚಿ ಹಾಳು ಮಾಡಿದಾನೆ ಸಾರ್" ಅಂದೆ.

ಅವನು ಬಿಚ್ಚಿಲ್ಲ ಎಂದ. ಒಂದೇ ಸಲ ಹೇಳಿದ, ಮತ್ತೆ ಹೇಳಲಿಲ್ಲ. ಎಲ್ಲರೆದುರು ಅವನಿಗೆ ಎರಡು ಏಟು ಬಿತ್ತು. ನಮ್ಮ ಗೇಟನ್ನು ಮೇಜಿನ ಕೆಳಗೆ ಇಟ್ಟರು.

ಅವತ್ತು ಸಂಜೆ ಮನೆಯಲ್ಲಿ ನಾನು ಅದನ್ನು ಬಿಚ್ಚಿ ನೋಡಿದೆ. ಬೆಲ್ಲಿನ ತಗಡು ತಗುಲುವ ಜಾಗದಲ್ಲಿ ಕಂದು ಬಣ್ಣದ ತುಕ್ಕು. ಒಂದೇ ರಾತ್ರಿಯ ಥಂಡಿಗೆ ಬಂದದ್ದು. ನಾನು ಆ ತಗಡನ್ನು ಮೊದಲು ಉಜ್ಜಿದಾಗ ಮೇಲಿನ ಹೊಳಪು ಲೇಪವನ್ನೂ ಕೆರೆದು ತೆಗೆದಿದ್ದೆ. ಒಳಗಿನ ಕಬ್ಬಿಣ ಗಾಳಿಗೆ ಬಿದ್ದಿತ್ತು. ಬೆಂಕಿಪೊಟ್ಟಣದ ಪಕ್ಕದಲ್ಲಿ ಉಜ್ಜಿದೆ, ಬೆಲ್ಲು ಹೊಡೆಯಿತು. ತಪ್ಪು ನನ್ನದೇ ಎಂದು ಆಗಲೇ ಗೊತ್ತಾಯಿತು. ಮಾರನೆಯ ದಿನ ಶಾಲೆಗೆ ಬಂದು ನಾನು ಯಾರಿಗೂ ಹೇಳಲಿಲ್ಲ. ಅವನಿಗೂ ಹೇಳಲಿಲ್ಲ.

ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಅವರ ಮನೆಯಲ್ಲಿ ಕಷ್ಟವಿತ್ತು. ಕಾಫಿ ಕುಯ್ಲು ಬಂದರೆ ಎಷ್ಟೋ ಹುಡುಗರು ಹಾಗೆ ನಿಂತುಬಿಡುತ್ತಿದ್ದರು. ಬೆಲ್ಲಿನಿಂದಲೇ ಅವನು ಶಾಲೆ ಬಿಟ್ಟ ಎಂದು ನಾನು ಹೇಳಲಾರೆ. ಬೆಲ್ಲು ಕಾರಣವೇ ಅಲ್ಲ ಎಂದೂ ಹೇಳಲಾರೆ. ನಾನು ರೈಲ್ವೆಗೆ ಹೋದೆ. ಅವನು ತೋಟಕ್ಕೆ ಹೋದ.

ಇದೆಲ್ಲ ನೆನಪಾಗಿ, ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಹುಡುಗರಿಗೆ ಹೇಳಿದೆ: "ಅವನನ್ನು ಬಿಡಿ. ನೋಟ್‌ಬುಕ್ ತನ್ನಿ."

ರೈಲ್ವೆಯಲ್ಲಿ ಪ್ರತಿ ಕೆಡುಕಿಗೂ ಒಂದು ರಿಜಿಸ್ಟರ್ ಇರುತ್ತದೆ. ಅಂಥದ್ದೇ ಒಂದು ಪುಸ್ತಕ ಮಾಡಿದೆವು. ತಾರೀಖು, ಗಂಟೆ, ಆಕಾಶ ಹೇಗಿತ್ತು, ಹಳಿ ಎಷ್ಟು ಬಿಸಿ, ಏನಾಯಿತು, ನಾವು ಏನು ಬದಲಿಸಿದೆವು. ನಿಯಮ ಎರಡೇ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ನೋಡಿದ್ದನ್ನು ಮಾತ್ರ ಬರೆಯಬೇಕು, ಅಂದುಕೊಂಡದ್ದನ್ನಲ್ಲ.

ಎಂಟು ದಿನ ಬರೆದರು. ಐದನೆಯ ದಿನ ಆ ಹುಡುಗ ಜ್ವರ ಬಂದು ಶಾಲೆಗೇ ಬಂದಿರಲಿಲ್ಲ. ರೈಲು ಒಂದು ಹತ್ತಕ್ಕೆ ನಿಂತಿತು. ಏಳನೆಯ ದಿನ ಅವನಿದ್ದ, ಬಳೆಯ ಹತ್ತಿರವೇ ಕೂತಿದ್ದ, ರೈಲು ನಿಲ್ಲಲಿಲ್ಲ. ಆ ದಿನದ ಆಕಾಶದ ಕಾಲಂನಲ್ಲಿ 'ಮೋಡ' ಎಂದಿತ್ತು. ನಿಂತ ದಿನಗಳಲ್ಲೆಲ್ಲ 'ಬಿಸಿಲು'. ಹಳಿಯ ಬಿಸಿ ಬೆಳಿಗ್ಗೆ 18 ಡಿಗ್ರಿ, ನಿಲ್ಲುವ ಹೊತ್ತಿಗೆ 40 ದಾಟಿ, ಒಮ್ಮೆ 44. ಯಾರೂ ಏನೂ ಹೇಳಬೇಕಾಗಿರಲಿಲ್ಲ, ಪುಸ್ತಕವೇ ಹೇಳುತ್ತಿತ್ತು. ಹುಡುಗನಿಗೂ ರೈಲಿಗೂ ಸಂಬಂಧವಿಲ್ಲ, ಬಿಸಿಲಿಗೂ ರೈಲಿಗೂ ಸಂಬಂಧವಿದೆ. ಊಟದ ಬಿಡುವಿನಲ್ಲೇ ಯಾಕೆ? ಹೊಂಗೆ ಮರದ ನೆರಳು ಆ ಹಳಿಯ ಮೇಲಿಂದ ಸರಿಯುವುದು ಹನ್ನೆರಡೂವರೆಗೆ. ಹುಡುಗನೂ ಬಿಸಿಲೂ ಒಂದೇ ಹೊತ್ತಿಗೆ ಬರುತ್ತಿದ್ದವು, ಅಷ್ಟೇ.

ಇನ್ನು ಜಾಗ ಹುಡುಕಬೇಕು. ಹಳಿಯನ್ನು ಅರ್ಧಕ್ಕೆ ಬಿಡಿಸಿದೆವು. ಯಾವ ಅರ್ಧದಲ್ಲಿ ಶಾರ್ಟ್ ಉಳಿಯಿತೋ ಅದನ್ನು ಮತ್ತೆ ಅರ್ಧ ಮಾಡಿದೆವು. ನಾಲ್ಕನೆಯ ಸಲಕ್ಕೆ ಬಳೆಯ ಬಾಯಿಗೆ ಬಂದು ನಿಂತೆವು.

ಬಳೆಯಲ್ಲಿ ಒಂದು ಸೂಕ್ಷ್ಮವಿದೆ. ಸುತ್ತು ಹಾಕಿ ಬರುವಾಗ ಎಡಗಡೆಯ ಹಳಿ ಬಂದು ಬಲಗಡೆಯ ಹಳಿಯನ್ನೇ ಕೂಡುತ್ತದೆ. ಹಾಗೇ ಬಿಟ್ಟರೆ ಶಾರ್ಟ್. ಅದಕ್ಕೆ ಬಳೆಯ ಬಾಯಲ್ಲಿ ಹಳಿಗಳನ್ನು ಕತ್ತರಿಸಿ ಸಂದಿ ಬಿಡಬೇಕು. ನಾನು ಜೂನ್‌ನಲ್ಲಿ ಆಕ್ಸಾ ಬ್ಲೇಡಿನಲ್ಲಿ ಕತ್ತರಿಸಿ ಒಂದೂವರೆ ಮಿಲಿಮೀಟರ್ ಸಂದಿ ಬಿಟ್ಟಿದ್ದೆ. ಆ ಸಂದಿಗೆ ಸೇರುವ ನೇರ ಹಳಿ ಆರು ಮೀಟರ್. ಮಳೆಗಾಲದ ಪಾಠ ಕಲಿತವರಲ್ಲವೇ ನಾವು, ಅದರ ಕೀಲುಗಳನ್ನೆಲ್ಲ ಬಿಗಿಯಾಗಿ ಕಟ್ಟಿದ್ದೆವು. ಸ್ಟೇಷನ್ ಕಡೆಯ ತುದಿ ಸಿಮೆಂಟಿನಲ್ಲಿ ಹೂತಿದೆ.

ನಮ್ಮೂರಿನ ಕುಲುಮೆಯಲ್ಲಿ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ಹಿರಿಯರು ನೋಡಿದ್ದೀರಿ. ಕಾಯಿಸಿದಾಗ ಪಟ್ಟಿ ಹಿಗ್ಗಿ ಚಕ್ರದ ಮೇಲೆ ಕೂರುತ್ತದೆ, ನೀರು ಹುಯ್ದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಒಂದು ಮೀಟರ್ ಹಿತ್ತಾಳೆ ಒಂದು ಡಿಗ್ರಿಗೆ ಸುಮಾರು 0.019 ಮಿಲಿಮೀಟರ್. ಆರು ಮೀಟರ್, 18ರಿಂದ 44ಕ್ಕೆ ಅಂದರೆ 26 ಡಿಗ್ರಿ. ಗುಣಿಸಿ ನೋಡಿ, ಹೆಚ್ಚುಕಡಿಮೆ ಮೂರು ಮಿಲಿಮೀಟರ್. ನಾನು ಬಿಟ್ಟದ್ದು ಒಂದೂವರೆ. ಒಂದು ತುದಿ ಸಿಮೆಂಟಿನಲ್ಲಿ, ಕೀಲುಗಳಲ್ಲಿ ಜಾಗವಿಲ್ಲ, ಹಳಿ ಎಲ್ಲಿಗೆ ಹೋಗಬೇಕು? ಸಂದಿಗೇ ನುಗ್ಗಿತು, ಸಂದಿ ಮುಚ್ಚಿತು, ಶಾರ್ಟ್ ಆಯಿತು. ಮಿಕ್ಕದ್ದಕ್ಕೆ ಹಳಿ ನಡುವೆ ಸ್ವಲ್ಪ ಬಾಗಿತ್ತು. ಅದನ್ನು ನಾವೆಲ್ಲ ನೋಡಿಯೂ ನೋಡಿರಲಿಲ್ಲ. ಮಳೆಗಾಲ ಪೂರ್ತಿ ಹಳಿ ತಣ್ಣಗಿತ್ತು, ಅದಕ್ಕೇ ಆಗ ಈ ಕಾಯಿಲೆ ಕಾಣಲಿಲ್ಲ.

38 ವರ್ಷ ರೈಲ್ವೆಯಲ್ಲಿದ್ದವನು ಇದನ್ನು ಮರೆತದ್ದು ನಾಚಿಕೆಯ ವಿಷಯ. ದೊಡ್ಡ ರೈಲಿನ ಒಂದು ಉಕ್ಕಿನ ಹಳಿ 13 ಮೀಟರ್. 30 ಡಿಗ್ರಿ ಏರಿದರೆ ಅದು ನಾಲ್ಕೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಹಳೆಯ ದಾರಿಗಳಲ್ಲಿ ಹಳಿಯಿಂದ ಹಳಿಗೆ ಸಂದಿ ಬಿಡುತ್ತಿದ್ದದ್ದೇ ಅದಕ್ಕೆ. ನಮ್ಮ ಕಾಲದ ರೈಲಿನ ಟಕಟಕ ಸದ್ದು ಆ ಸಂದಿಯ ಸದ್ದು.

ದೋಷ ಸಿಕ್ಕಿದ ದಿನ ನಾನು ಆ ಹುಡುಗನನ್ನು ಕರೆಸಿದೆ. "ಮೊಳೆ ಯಾಕಪ್ಪ ಇಟ್ಕೊಂಡಿದ್ದೆ?" ಎಂದು ಕೇಳಿದೆ. ಆವತ್ತೇ ಕೇಳಬೇಕಾಗಿದ್ದ ಪ್ರಶ್ನೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಬೆಳಿಗ್ಗೆ ಪ್ರೇಯರ್‌ಗೆ ಮುಂಚೆ ಬಂದು ನೋಡಿದ್ರೆ ಈ ಮೊಳೆ ಆ ಸಂದೀಲಿ ಹೋಗುತ್ತೆ ಸಾರ್. ಮಧ್ಯಾಹ್ನ ರೈಲು ನಿಂತ್ಮೇಲೆ ನೋಡಿದ್ರೆ ಹೋಗಲ್ಲ. ಯಾಕೆ ಅಂತ ನೋಡ್ತಿದ್ದೆ."

ನಾವು ಎಂಟು ದಿನ ಹುಡುಕಿದ್ದು ಅವನ ಜೇಬಿನಲ್ಲಿತ್ತು. "ಮೊದಲೇ ಯಾಕೆ ಹೇಳಲಿಲ್ಲ?" ಅಂದೆ. "ಯಾರೂ ಕೇಳ್ಲಿಲ್ಲ ಸಾರ್" ಅಂದ.

ಈಗ ಸಂದಿಯಲ್ಲಿ ಹಳೆಯ ಪ್ಲಾಸ್ಟಿಕ್ ಸ್ಕೇಲಿನ ಚೂರು ಕೂರಿಸಿದ್ದೇವೆ. ಹಳಿ ಎಷ್ಟು ನುಗ್ಗಿದರೂ ಒಂದಕ್ಕೊಂದು ತಗುಲುವುದಿಲ್ಲ. ನೇರ ಹಳಿಯ ಮೂರು ಕೀಲುಗಳನ್ನು ಸಡಿಲಿಸಿ, ಹಿಗ್ಗಲು ಕುಗ್ಗಲು ಜಾಗ ಬಿಟ್ಟೆವು. ಸಡಿಲ ಕೀಲಿನಲ್ಲಿ ಕರೆಂಟು ತಪ್ಪದಂತೆ ಅದರ ಮೇಲೆ ಮೆತ್ತನೆಯ ತಾಮ್ರದ ತಂತಿಯನ್ನು ಬೆಸೆದೆವು. ಹಳಿ ತನ್ನ ಪಾಡಿಗೆ ಆಡಲಿ, ಕರೆಂಟು ತಂತಿಯಲ್ಲಿ ಹೋಗಲಿ. ಬೆಸುಗೆ ಹಾಕಿದ್ದು ಆ ಹುಡುಗನೇ. ಅವನ ಜೇಬು ತಡಕಿದ ಇಬ್ಬರು ತಂತಿ ಹಿಡಿದುಕೊಂಡಿದ್ದರು. ಅವರು ಅವನ ಹತ್ತಿರ ಏನು ಹೇಳಿದರೋ ನಾನು ಕೇಳಲಿಲ್ಲ. ಮಾರನೆಯ ದಿನದಿಂದ ಮೂವರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದಾರೆ.

ಇದಾದ ಮೇಲೆ ನನಗೆ ಒಂದು ಕೆಲಸ ಬಾಕಿ ಇತ್ತು. ಈ ಮಹೋತ್ಸವದ ಆಮಂತ್ರಣ ಪತ್ರ ಹಿಡಿದು ನನ್ನ ಹಳೆಯ ಗೆಳೆಯನ ಮನೆಗೆ ಹೋದೆ. ಇಲ್ಲಿಂದ ಹತ್ತು ಮೈಲಿ. ಇಷ್ಟು ವರ್ಷ ಮದುವೆ ಮನೆಗಳಲ್ಲಿ ನೋಡಿದ್ದೆ, ನಮಸ್ಕಾರ ಹೇಳಿದ್ದೆ, ಆ ಮಾತು ಮಾತ್ರ ಎತ್ತಿರಲಿಲ್ಲ. ಜಗಲಿಯ ಮೇಲೆ ಕೂತು ಆಮಂತ್ರಣ ಕೊಟ್ಟು, 1977ರ ಮಾತು ತೆಗೆದೆ. ನಾನು ಮುಗಿಸುವ ಮೊದಲೇ ಅವನು ಕೈ ಆಡಿಸಿ, "ಬಿಡೋ, ಅದೆಲ್ಲ ಯಾರು ನೆನಪಿಟ್ಕೊಂಡಿರ್ತಾರೆ" ಅಂದ. ಅಡಿಕೆ ಕತ್ತರಿಸುತ್ತ ಕೂತ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆ ಕೇಳಿದ: "ಅಲ್ಲ ಕಣೋ, ಆ ಬೆಲ್ಲು ಆಮೇಲೆ ಹೊಡೀತಾ?"

"ಹೊಡೀತು. ಅವತ್ತು ಸಂಜೇನೇ ಹೊಡೀತು. ತಗಡಿಗೆ ತುಕ್ಕು ಬಂದಿತ್ತು. ನಾನು ಕೆರೆದದ್ದರಿಂದ ಬಂದಿದ್ದು. ನೀನು ಬಿಚ್ಚಿರಲಿಲ್ಲ" ಅಂದೆ.

"ನಾನು ಬಿಚ್ಚಿರ್ಲಿಲ್ಲ" ಅಂದ. ಒಳಗೆ ತಿರುಗಿ ಹೆಂಡತಿಗೆ ಕಾಫಿ ಮಾಡಲು ಹೇಳಿದ.

ಇಲ್ಲಿ, ಈ ಶಾಲೆಯ ಅಂಗಳದಲ್ಲಿ ಅವನಿಗೆ ಆ ಹೆಸರು ಬಂತು. ಅದಕ್ಕೇ ಇದನ್ನು ಇಲ್ಲೇ ನಿಂತು ಹೇಳಬೇಕು ಅನ್ನಿಸಿತು. ಹೇಳಲು ಅವನ ಒಪ್ಪಿಗೆ ಪಡೆದಿದ್ದೇನೆ. "ಹೆಸರು ಹೇಳ್ಬೇಡ, ಮೊಮ್ಮಕ್ಕಳು ನಗ್ತವೆ" ಅಂದಿದ್ದಾನೆ. ಬೆಲ್ಲನ್ನು ಅವನು ಕೆಡಿಸಿರಲಿಲ್ಲ. ಕೆಡಿಸಿದ್ದು ನಾನು. ಏಟು ತಿಂದದ್ದು ಅವನು.

ಮಕ್ಕಳೇ, ನಾನು ಉಪದೇಶ ಮಾಡುವುದಿಲ್ಲ. ರೈಲಿನ ಪುಸ್ತಕವನ್ನು ಇವತ್ತು ಶಾಲೆಗೆ ಒಪ್ಪಿಸುತ್ತಿದ್ದೇನೆ. ಇನ್ನೂ ನೂರಾರು ಹಾಳೆ ಖಾಲಿ ಇವೆ. ಈ ಬೇಸಿಗೆಯಲ್ಲಿ, ಬರುವ ಮಳೆಗಾಲದಲ್ಲಿ ರೈಲು ನಿಲ್ಲುತ್ತದೆ, ಅದರಲ್ಲಿ ಅನುಮಾನ ಬೇಡ. ನಿಂತಾಗ ಪುಸ್ತಕ ತೆಗೆಯಿರಿ. ಅದರಲ್ಲಿ ಆರು ಕಾಲಂಗಳಿವೆ. 'ಯಾರು' ಎಂಬ ಕಾಲಂ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಯಾರಾದರೂ ಅದನ್ನು ಸೇರಿಸಬೇಕು ಅನ್ನಿಸಿದರೆ, ಮೊದಲು ಆ ಮನುಷ್ಯನನ್ನು ಕರೆದು ಒಂದು ಪ್ರಶ್ನೆ ಕೇಳಿ, ಉತ್ತರ ಹೇಳಲು ಅವನಿಗೆ ಹೊತ್ತು ಕೊಡಿ.

ಮೂರು ಗಂಟೆಗೆ ರೈಲು ಹೊರಡುತ್ತದೆ. ಇವತ್ತು ಬಿಸಿಲು ಚೆನ್ನಾಗಿದೆ, ಆದರೂ ಹೊರಡುತ್ತದೆ ಎಂಬ ಭರವಸೆ ನನಗಿದೆ. ಸ್ವಿಚ್ಚಿನ ಹತ್ತಿರ ಕೂರುವವನು ಆ ಮೊಳೆಯ ಹುಡುಗ. ಎಲ್ಲರೂ ಬನ್ನಿ. ನನ್ನ ಗೆಳೆಯನೂ ಬಂದಿದ್ದಾನೆ, ಹೊಂಗೆ ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಆಗಲೇ ಕೂತಿದ್ದಾನೆ.